ದೊಡ್ಡಮ್ಮನ ತೋಳಿಗೆ ಎರಡು ಸುತ್ತು ಬಂದ ಪಟ್ಟಿ

ಮಾನ್ಯ ಆರೋಗ್ಯಾಧಿಕಾರಿಗಳೇ,

ಮನೆಗಳಿಗೂ ಕೆಲಸದ ಜಾಗಗಳಿಗೂ ನೀವು ಕಳಿಸಿದ ರಕ್ತದೊತ್ತಡದ ಯಂತ್ರಗಳಿಗೆ ತೋಳುಪಟ್ಟಿ ಒಂದೇ ಅಳತೆಯದು. ಆ ಒಂದು ಅಳತೆ ನನ್ನ ದೊಡ್ಡಮ್ಮನ ಬಲಗೈಯನ್ನು ಕಿತ್ತುಕೊಂಡಿತು. ಯಂತ್ರ ನಿಮ್ಮದು, ಬಾಯಿ ನನ್ನದು. ಹಾಗಾಗಿ ನಿಮ್ಮನ್ನಷ್ಟೇ ಬೈದು ನುಣುಚಿಕೊಳ್ಳುವ ಹಾಗಿಲ್ಲ.

ಆಸ್ಪತ್ರೆಗೆ ಬರಲು ಬಿಡುವಿಲ್ಲದ ದುಡಿಯುವ ಜನರ ಬಳಿಗೆ ಆಸ್ಪತ್ರೆಯೇ ಹೋಗಬೇಕು ಎಂದು ಕರಪತ್ರಗಳಲ್ಲಿ ಓದಿ ನಂಬಿದವನು ನಾನು. ಈಗಲೂ ನಂಬುತ್ತೇನೆ. ಅದಕ್ಕೇ ನಿಮ್ಮ ಸ್ವಯಂಸೇವಕನಾದೆ. ಮೊದಲ ದಿನ ಗೋದಾಮಿನ ಹಮಾಲರು. ಗಾಳಿ ತುಂಬಿದಂತೆಲ್ಲ ಪಟ್ಟಿ ಅವರ ತೋಳಿನಿಂದ ಬಿಚ್ಚಿಕೊಳ್ಳುತ್ತಿತ್ತು. ಅದುಮಿ ಹಿಡಿದು ಅಳೆದೆ. ಹತ್ತರಲ್ಲಿ ಒಂಬತ್ತು ಮಂದಿಗೆ ಒತ್ತಡ ಹೆಚ್ಚು! "ಡಾಕ್ಟ್ರೇ, ಒತ್ತಡ ನಂಗಲ್ಲ, ನಿಮ್ಮ ಪಟ್ಟಿಗೆ" ಎಂದ ಒಬ್ಬ. ಎಲ್ಲರೂ ನಕ್ಕರು. ನಿಮ್ಮ ವರದಿ ಮಾತ್ರ ನಗದೆ, ಅದನ್ನು 'ಆತಂಕಕಾರಿ ಅಂಕಿಅಂಶ' ಎಂದು ಕರೆಯಿತು.

ಮರುದಿನ ದೊಡ್ಡಮ್ಮ ದುಡಿಯುವ ಹೊಲಿಗೆ ಕೋಣೆ. ಊಟದ ಬಿಡುವು ಅರ್ಧ ಗಂಟೆ, ಅಳೆಯಬೇಕಾದವರು ನಲವತ್ತು ಮಂದಿ. ದೊಡ್ಡಮ್ಮನ ಕಡ್ಡಿಯಂಥ ತೋಳಿಗೆ ಅದೇ ಪಟ್ಟಿ ಎರಡು ಸುತ್ತು ಬಂತು.

"ಸಡಿಲ ಆಯ್ತಲ್ಲೋ! ಹಿಂಗೆ ತೋಳು ಹೊಲಿದಿದ್ರೆ ನಮ್ಮ ಮೇಸ್ತ್ರಿ ಮುಖಕ್ಕೆ ಎಸೀತಿದ್ದ."

"ದೊಡ್ಡಮ್ಮಾ, ಇದು ಅಂಗಿ ಅಲ್ಲ, ವಿಜ್ಞಾನ. ಸುಮ್ನೆ ಕೂತ್ಕೋ."

ನೂರಿಪ್ಪತ್ತು, ಎಪ್ಪತ್ತೆಂಟು. "ಹಾಗಾದ್ರೆ ದಿನಾ ನುಂಗೋ ಬಿಪಿ ಮಾತ್ರೆ ಬಿಡ್ಲೇನೋ?" ಎಂದಳು. ಔಷಧ ಕಂಪನಿಗಳ ಲಾಭಕೋರತನದ ಬಗ್ಗೆ ಆ ವಾರವಷ್ಟೇ ಓದಿದ್ದೆ. "ಬಿಟ್ಟಾಕು, ಅವರನ್ನ ನೀನ್ಯಾಕೆ ಸಾಕ್ತೀಯಾ?" ಎಂದೆ.

ಬಿಟ್ಟಳು. ತಿಂಗಳೊಳಗೆ ಹೊಲಿಗೆ ಯಂತ್ರದ ಮೇಲೇ ಕುಸಿದಳು. ಪಾರ್ಶ್ವವಾಯು. ಆಸ್ಪತ್ರೆಯ ನರ್ಸ್ ಚಿಕ್ಕ ಪಟ್ಟಿ ಸುತ್ತಿ ಅಳೆಯುತ್ತ ಹೇಳಿದರು: "ಸಣ್ಣ ತೋಳಿಗೆ ದೊಡ್ಡ ಪಟ್ಟಿ ಹಾಕಿದ್ರೆ ಕಮ್ಮಿ ತೋರಿಸುತ್ತೆ, ದಪ್ಪ ತೋಳಿಗೆ ಚಿಕ್ಕದು ಹಾಕಿದ್ರೆ ಜಾಸ್ತಿ. ಮೊದಲು ತೋಳಿನ ಸುತ್ತಳತೆ ತಗೋಬೇಕಿತ್ತಲ್ವಾ?"

ತಗೋಬೇಕಿತ್ತು. ನಲವತ್ತು ದರ್ಜಿಗಳ ಕೋಣೆ ಅದು. ಪ್ರತಿ ಕೊರಳಲ್ಲೂ ಒಂದು ಅಳತೆ ಟೇಪು ನೇತಾಡುತ್ತಿತ್ತು.

ಮುಂದಿನ ತಿಂಗಳು ಅದೇ ಪಟ್ಟಿ ಹಿಡಿದು ಎರಡನೇ ಸುತ್ತು ಹೊರಡುತ್ತೀರಂತೆ. ನಿಮ್ಮ ಕಚೇರಿಯಲ್ಲಿ ಎಲ್ಲರ ತೋಳೂ ಒಂದೇ ಗಾತ್ರವೇ? ನಿಲ್ಲಿಸಿ. ಪ್ರತಿ ಯಂತ್ರದ ಜೊತೆ ಮೂರು ಅಳತೆಯ ಪಟ್ಟಿ, ಒಂದು ಟೇಪು ಕೊಡಿ. ನಾನು ಅಳೆದವರೆಲ್ಲರನ್ನೂ ಮತ್ತೆ ಅಳೆಸಿ. ಮಾತ್ರೆ ಬಿಡಿ ಎನ್ನುವ ಹಕ್ಕು ನನ್ನಂಥವರಿಗಿಲ್ಲ ಎಂದು ಸ್ವಯಂಸೇವಕರ ಕೈಪಿಡಿಯ ಮೊದಲ ಪುಟದಲ್ಲೇ ಅಚ್ಚು ಹಾಕಿಸಿ.

ದೊಡ್ಡಮ್ಮ ನನ್ನನ್ನು ಬೈದಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು. ಎಡಗೈಯಿಂದ ತನ್ನ ಟೇಪನ್ನು ನನ್ನ ಕೈಗಿಟ್ಟು, ತೊದಲುತ್ತ, "ಉಳಿದೋರಿಗಾದ್ರೂ ಅಳತೆ ತಗೋ" ಎಂದಳು.

ಇಂತಿ,
ಆ ಟೇಪು ಹಿಡಿದು ನಿಮ್ಮ ಕಚೇರಿಯ ಮೆಟ್ಟಿಲ ಮೇಲೆ ಕೂತಿರುವ,
ಕೇಳಿಸಿಕೊಳ್ಳಬೇಕಾದ ಹೊತ್ತಿನಲ್ಲಿ ಪಾಠ ಹೇಳಿದ ಸ್ವಯಂಸೇವಕ