ಹನ್ನೆರಡನೇ ಸೈಜಿನ ಸ್ಕರ್ಟ್

ಏಪ್ರಿಲ್ 28, ಬೆಳಿಗ್ಗೆ 6:10

ತೂಕ 78.4. ನಿನ್ನೆಗಿಂತ ಇನ್ನೂರು ಗ್ರಾಂ ಕಡಿಮೆ. ಸ್ಕರ್ಟಿನ ಜಿಪ್ ಅರ್ಧಕ್ಕೇ ನಿಂತಿತು. ಹೊಟ್ಟೆ ಒಳಗೆಳೆದುಕೊಂಡರೂ ಅಷ್ಟೇ.

ಜೂನ್ 15ಕ್ಕೆ ಹೋಟೆಲಿನ ಕೌಂಟರಿನಲ್ಲಿ ನಿಲ್ಲಬೇಕು. ಪತ್ರ ಬಂದಿದೆ — ಹೆರಿಗೆ ರಜೆ ಮುಗಿಸಿ ಬರುವವರು ಹಿಂದೆ ಕೊಟ್ಟ ಯೂನಿಫಾರ್ಮಿನಲ್ಲೇ ಬರತಕ್ಕದ್ದು. ಅದು ಮೈಗೆ ಹಿಡಿಸದವರಿಗೆ ಲಾಂಡ್ರಿಯಲ್ಲಿ ಕೆಲಸ. ಲಾಂಡ್ರಿ ಅಂದರೆ ನೆಲಮಾಳಿಗೆ. ಗಿರಾಕಿಯ ಕಣ್ಣಿಗೆ ಬೀಳದ ಜಾಗ. ಒಮ್ಮೆ ಇಳಿದವರು ಮೇಲೆ ಬಂದದ್ದಿಲ್ಲ.

ಫೋನಿನ ಆ್ಯಪ್ ಕೇಳಿತು: ವಯಸ್ಸು, ಎತ್ತರ, ತೂಕ, ಎಷ್ಟು ಬೇಗ ಇಳಿಸಬೇಕು. ಬೇಗ, ಅಂದೆ. ದಿನಕ್ಕೆ 1200 ಕ್ಯಾಲೊರಿ ಅಂದಿತು. ಸರಿ.

ಏಪ್ರಿಲ್ 30

ಅತ್ತೆ ತಮ್ಮೂರು ನ್ಯೇರಿಯಿಂದ ಬಾಣಂತನಕ್ಕೆ ಬಂದಿದ್ದಾರೆ. ಜೊತೆಗೆ ಒಂದು ಚೀಲ ಕಪ್ಪು ಅವರೆ. ನಾವು ಕಿಕುಯು ಕುಲದ ಹೆಂಗಸರು ಹೆತ್ತರೆ ಬೇರೆ ಔಷಧವೇ ಇಲ್ಲ. ಅವರೆ ಬೇಯಿಸು, ಬಾಳೆಹಣ್ಣು ಹಾಕಿ ಕಿವುಚು, ಬಟ್ಟಲು ತುಂಬಿಸು.

“ತಿನ್ನು ಮಗಳೇ. ನಿನಗಲ್ಲ, ನನಗೆ.”

ನಮ್ಮಲ್ಲಿ ಮೊದಲ ಹೆಣ್ಣುಮಗುವಿಗೆ ಗಂಡನ ತಾಯಿಯ ಹೆಸರು. ಮಂಚದ ಮೇಲೊಬ್ಬಳು ನ್ಯಾಗುಥೀ, ಒಲೆಯ ಮುಂದೊಬ್ಬರು ನ್ಯಾಗುಥೀ. ಅತ್ತೆಯ ಪಾಲಿಗೆ ಇಬ್ಬರೂ ಒಬ್ಬಳೇ. ಮಗು ಅತ್ತರೆ, “ನನಗೆ ಹಸಿವಾಯ್ತು ನೋಡು” ಅನ್ನುತ್ತಾರೆ. ನನ್ನ ಗಂಡ ಮಗಳನ್ನು ಕರೆಯುವುದೇ ‘ಅಮ್ಮಾ’ ಎಂದು.

ಆ್ಯಪಿನಲ್ಲಿ ಹುಡುಕಿದೆ. ಕಪ್ಪು ಅವರೆ ಇಲ್ಲ. ಚೀಸ್ ಕೇಕ್ ಇದೆ. ಲೆಕ್ಕವಿಲ್ಲದ್ದನ್ನು ತಿನ್ನುವುದು ಹೇಗೆ? ಅತ್ತೆ ಬಟ್ಟೆ ಒಣಹಾಕಲು ಹೋದಾಗ ಬಟ್ಟಲನ್ನು ಎದುರುಮನೆಯ ಅವೂರ್‌ಗೆ ದಾಟಿಸಿದೆ.

ಮೇ 9

76.1!

ಅವೂರ್ ಖಾಲಿ ಬಟ್ಟಲು ತಂದಳು. “ಅಲ್ಲ ಕಣೇ ಮುಗುರೆ, ನಾನು ಮದುವೆ ಆಗದವಳು. ನಿಮ್ಮತ್ತೆ ಅವರೆ ತಿಂದೂ ತಿಂದೂ ನನಗೇ ಹಾಲಿಳಿದ್ರೆ ಯಾರಿಗೆ ಕುಡಿಸ್ಲಿ?”

“ನಮ್ಮ ಮ್ಯಾನೇಜರಿಗೆ ಕುಡಿಸು. ಬುದ್ಧಿ ಬೆಳೀಲಿ.”

ನಕ್ಕೆವು. ನಗುವಾಗ ತಲೆ ಸುತ್ತಿತು. ಅವಳಿಗೆ ಕಾಣದ ಹಾಗೆ ಗೋಡೆ ಹಿಡಿದೆ.

ಮೇ 17

74.6. ಜಿಪ್ ಮುಕ್ಕಾಲು.

ಮಗು ಗಂಟೆಗೊಮ್ಮೆ ಏಳುತ್ತಾಳೆ. ಚೀಪುತ್ತಾಳೆ, ಬಿಡುತ್ತಾಳೆ, ಮುಷ್ಟಿ ಬಿಗಿದು ಕಿರುಚುತ್ತಾಳೆ. ಅತ್ತೆಗೆ ಅರ್ಥವಾಗುತ್ತಿಲ್ಲ. “ಇಷ್ಟು ಅವರೆ ಹೊಟ್ಟೆಗೆ ಬಿದ್ರೂ ಹಾಲ್ಯಾಕಿಲ್ಲ? ಹುಳ ಹಿಡಿದ ಕಾಳು ಕೊಟ್ಟಿದಾಳೆ ಆ ಕಳ್ಳಿ.” ಊರಿಗೆ ಫೋನ್ ಮಾಡಿ ಅವರೆ ಮಾರಿದವಳಿಗೆ ಬಾಯಿಗೆ ಬಂದಂತೆ ಬೈದರು.

ಪಾಪ, ಅವಳದೇನು ತಪ್ಪು... ಆ ದಿನದ ಬಟ್ಟಲೂ ಅವೂರ್ ಮನೆಗೇ ಹೋಯಿತು.

ಮೇ 25

ಹತ್ತನೇ ವಾರದ ಲಸಿಕೆ. ಕ್ಲಿನಿಕ್ಕಿನಲ್ಲಿ ಮಗುವನ್ನು ಬಟ್ಟೆಯ ಚೀಲಕ್ಕಿಳಿಸಿ ತಕ್ಕಡಿಯ ಕೊಕ್ಕೆಗೆ ತೂಗುಹಾಕಿದರು. 4.6. ಹೋದ ತಿಂಗಳು 4.5 ಇತ್ತು. ನರ್ಸ್ ಪುಸ್ತಕದಲ್ಲಿ ಚುಕ್ಕಿಯಿಟ್ಟು ಗೆರೆ ಎಳೆದಳು. ಏರಬೇಕಾದ ಗೆರೆ ಮಲಗಿತ್ತು.

“ನೀನು ಏನು ತಿಂತಿದೀಯಮ್ಮ?”

ಹೋಟೆಲಿನ ಪತ್ರದ ಮಾತು ಹೇಳಿ ಫೋನ್ ತೋರಿಸಿದೆ. ಹೆಮ್ಮೆಯಿಂದಲೇ ತೋರಿಸಿದೆ, ನಾಚಿಕೆಗೇಡಿ.

“ಇದು ಒಬ್ಬಳ ಲೆಕ್ಕ. ಹಾಲಿಗೇ ಐನೂರು ಕ್ಯಾಲೊರಿ ಹತ್ರ ಬೇಕು. ಮೊಲೆ ಕುಡಿಯೋ ಮಗು ಇದೆ ಅಂತ ಇದಕ್ಕೆ ಹೇಳಿದ್ಯಾ?”

“ಅದು ಕೇಳ್ಲಿಲ್ಲ.”

“ನಿಮ್ಮ ಹೋಟೆಲಿನೋರು ಕೇಳಿದ್ರಾ?”

ತೂಕ ಇಳಿಸಲೇಬೇಡ ಅನ್ನಲಿಲ್ಲ. ಹೊಟ್ಟೆ ತುಂಬ ಉಣ್ಣು, ನಡೆ, ವಾರಕ್ಕೆ ಅರ್ಧ ಕಿಲೊ ದಾಟದ ಹಾಗೆ ಇಳಿಸು ಅಂದಳು. ಎರಡು ವಾರಕ್ಕೆ ಮತ್ತೆ ಬರಬೇಕು.

ಬಸ್ಸಿನಲ್ಲಿ ಉರಿದುಹೋದೆ. ಅಡುಗೆಮನೆಯ ಹೆಂಗಸರಿಗೆ ಜಾರದ ಚಪ್ಪಲಿ ಕೊಡಿ ಎಂದು ಹೋಟೆಲಿನ ಗೇಟಿನೆದುರು ಮೂರು ದಿನ ಕೂಗಿದವಳು ನಾನೇ. ನನ್ನ ಸ್ಕರ್ಟಿನ ಮಾತು ಬಂದಾಗ ಬಾಯಿಗೂ ಬೀಗ, ಹೊಟ್ಟೆಗೂ ಬೀಗ. ಒಡೆಯನಿಗೆ ಒಂದು ಮೀಟರ್ ಬಟ್ಟೆ ಉಳಿಯಲೆಂದು ಮಗಳ ಹಾಲು ಕೊಟ್ಟೆ. ಯಾರೂ ಕಿತ್ತುಕೊಳ್ಳಲಿಲ್ಲ. ನಾನೇ ತೂಗಿ ತೂಗಿ ಕೊಟ್ಟೆ.

ಮೇ 26

ಅತ್ತೆಗೆ ಎಲ್ಲ ಹೇಳಿದೆ. ಬೈಗುಳಕ್ಕೆ ಕಾದೆ.

“ಒಂದು ತಿಂಗಳು ನನ್ನನ್ನ ಉಪವಾಸ ಕೆಡವಿದೆಯಲ್ಲ, ಮುಗುರೆ.”

ಮಗುವಿನ ಕಡೆ ನೋಡಲಿಲ್ಲ. ತಮ್ಮ ಎದೆಯನ್ನೇ ಮುಟ್ಟಿಕೊಂಡರು.

ಆಮೇಲೆ ಅವರೆ ಮಾರಿದವಳಿಗೆ ಫೋನ್ ಮಾಡಿ ತಪ್ಪಾಯಿತು ಅಂದರು. ಆಮೇಲೆ ಬಟ್ಟಲು. ತಿಂದು ಮುಗಿಸುವವರೆಗೂ ಎದುರೇ ಕೂತರು, ಪೊಲೀಸಿನವರ ಹಾಗೆ.

ಆ್ಯಪ್ ಅಳಿಸಿದೆ.

ಜೂನ್ 8

ಮಗು 5.1! ಗೆರೆ ಎದ್ದು ಕೂತಿದೆ. ನಾನು 74.1. ಜಿಪ್ ಇನ್ನೂ ಮುಕ್ಕಾಲಿಗೇ.

ಹೋಟೆಲಿನ ಮೇಲ್ವಿಚಾರಕಿ ಕಿಲೊಂಜೊಗೆ ಫೋನ್ ಮಾಡಿದೆ. ಹದಿನಾರನೇ ಸೈಜು ಬೇಕು ಅಂದೆ.

“ಎಲ್ರೂ ಇಳಿಸ್ಕೊಂಡೇ ಬಂದಿದಾರಮ್ಮ. ನಾನೂ ಕೂಡ.”

“ಆಗ ನಿಮಗೆ ಹಾಲಿತ್ತಾ, ಮೇಡಂ?”

ಆ ಕಡೆ ಬಾಗಿಲು ಮುಚ್ಚಿದ ಸದ್ದು.

“ಡಬ್ಬದ ಹಾಲು ಹಾಕಿದೆ,” ಅಂದರು. ದನಿ ಸಣ್ಣದಾಗಿತ್ತು. ಆಮೇಲೆ, “ಸ್ಕರ್ಟ್ ಸಿಗಲ್ಲ, ಮುಗುರೆ.”

ಜೂನ್ 15, ಬೆಳಿಗ್ಗೆ 5:40

ಅದೇ ಹನ್ನೆರಡನೇ ಸೈಜು. ಜಿಪ್ ಮುಚ್ಚದ ಕಡೆ ಪಿನ್ನು, ಮೇಲೆ ಅತ್ತೆಯ ಹೂವಿನ ಬಟ್ಟೆ ಸುತ್ತಿದ್ದೇನೆ. ಚೀಲದಲ್ಲಿ ಮಗುವಿನ ತೂಕದ ಪುಸ್ತಕ. ಹೆತ್ತವರಿಗೆ ಹಿಡಿಸುವ ಸ್ಕರ್ಟ್ ಕೊಡಿ ಎಂದು ಹನ್ನೊಂದು ಸಹಿಯ ಅರ್ಜಿ — ಕೌಂಟರಿನವರು ಇಬ್ಬರೇ, ಉಳಿದವರೆಲ್ಲ ಅಡುಗೆಮನೆ, ಲಾಂಡ್ರಿ. ಚಪ್ಪಲಿಯ ಹೆಂಗಸರು ಮರೆತಿಲ್ಲ.

ಲಾಂಡ್ರಿಗೆ ಹೋಗು ಅಂದರೆ ಇಳಿಯುವುದಿಲ್ಲ. ಮನೆಗೆ ಹೋಗು ಅಂದರೆ ಗೇಟಿನೆದುರು ಕೂರುತ್ತೇನೆ. ಗೊತ್ತಿರುವ ಜಾಗ. ಅಲ್ಲೇ ಮೊಲೆ ಕೊಡುತ್ತೇನೆ, ಗಿರಾಕಿಗಳೂ ನೋಡಲಿ.

ಅತ್ತೆ ಆಗಲೇ ಹೊರಟು ನಿಂತಿದ್ದಾರೆ, ಬುತ್ತಿ ಕಟ್ಟಿಕೊಂಡು. “ನಾನೂ ಬರ್ತೀನಿ. ಅಲ್ಲಿ ನನಗೆ ಹಸಿವಾದ್ರೆ ಯಾರು ನೋಡ್ತಾರೆ?”

ಮಗು ಎದ್ದಳು. ಬಟ್ಟಲಿನಲ್ಲಿ ಅವರೆ ಇನ್ನೂ ಅರ್ಧ ಇದೆ. ಮೊದಲು ನಾನು ತಿಂದು, ಆಮೇಲೆ —