ಏಳನೆಯ ಸನ್ನೆ

ಫೆಬ್ರವರಿ ಮೂವತ್ತು, ೨೧೬೮

ಅಧೀನ ಕಾರ್ಯದರ್ಶಿ ಸದಾಶಿವಯ್ಯನವರೇ,

ತಾರೀಖು ನೋಡಿ ಹುಬ್ಬು ಗಂಟಿಕ್ಕಬೇಡಿ. ಮಾರ್ಚಿನ ಕೊನೆಯ ಎರಡು ದಿನಗಳನ್ನು ನಾವು ಕಿತ್ತು ಫೆಬ್ರವರಿಗೆ ಕೊಟ್ಟಿದ್ದೇವೆ. ವರ್ಷದ ಲೆಕ್ಕ ಮುಗಿಸುವ ಆ ಎರಡು ದಿನಗಳಲ್ಲಿ ನಿಮ್ಮ ಕಾಲದ ನಿಮ್ಮಂಥವರು ಅವಸರವಸರವಾಗಿ ಹಾಕಿದ ಸಹಿಗಳನ್ನು ಓದಿ ಓದಿ ನಮ್ಮ ಹಿರಿಯರಿಗೆ ಸಾಕಾಗಿತ್ತು. ನನ್ನ ಕನ್ನಡ ವಿಚಿತ್ರವೆನಿಸಿದರೆ ಕ್ಷಮೆಯಿರಲಿ. ಬೇರೆ ಯಾವುದಕ್ಕೂ ನಾನು ಕ್ಷಮೆ ಕೇಳುವುದಿಲ್ಲ.

ನಾನು ನೀಲಗಂಗಾ, ರಾಜ್ಯದ ಬಜೆಟ್ ಕಚೇರಿಯಲ್ಲಿ ‘ಎದುರೋದಿ’ನ ಮೇಲ್ವಿಚಾರಕಿ. ಶಾಲೆ, ಹಾಸ್ಟೆಲು, ಪಿಂಚಣಿ, ಅಂಗನವಾಡಿ, ಯಾವುದರ ಹಣಕ್ಕೆ ಕತ್ತರಿ ಹಾಕಿದರೂ ಹಾಕಿದವರೇ ಅಲ್ಲಿಗೆ ಹೋಗಿ, ಅದನ್ನು ಕಳೆದುಕೊಳ್ಳುವವರ ಮುಂದೆ ನಿಂತು ಆ ಆದೇಶವನ್ನು ಓದಬೇಕು. ಅದೇ ಎದುರೋದು. ಶಾಲೆಯಾದರೆ ಪ್ರಾರ್ಥನೆ ಮುಗಿದ ಮೇಲೆ ಮಕ್ಕಳು ಸಾಲಾಗಿ ಕೂರುತ್ತಾರೆ, ಅಡುಗೆಯವರು ಕೈ ಒರೆಸಿಕೊಂಡು ಬರುತ್ತಾರೆ. ಅಧಿಕಾರಿಗೆ ಕುರ್ಚಿ ಕೊಡುವಂತಿಲ್ಲ. ಕಳೆದ ವಾರ ಕಾರ್ಯದರ್ಶಿಯೊಬ್ಬರು ಪಿಂಚಣಿ ಕಡಿತ ಓದಲು ನಿಂತಾಗ ಮುದುಕಿಯೊಬ್ಬಳು, “ಯಪ್ಪಾ, ನನ್ನ ಮಾರಿ ನೋಡಿ ಓದು” ಅಂದಳು. ಅವರು ಹಾಳೆ ಮಡಿಚಿ ಜೇಬಿಗಿಟ್ಟುಕೊಂಡು ವಾಪಸು ಬಂದರು. ಕಡಿತ ಅಲ್ಲಿಗೇ ಬಿದ್ದುಹೋಯಿತು.

ನಿಮ್ಮನ್ನು ಹಾಗೆ ಯಾರೂ ನಿಲ್ಲಿಸಲಿಲ್ಲ. ನಿಮ್ಮ ಕಡತ ನನ್ನ ಮೇಜಿನ ಮೇಲಿದೆ. ಕಿವುಡು ಮಕ್ಕಳ ವಸತಿ ಶಾಲೆಗೆ ಸನ್ನೆ ಭಾಷೆ ಕಲಿಸುವ ಶಿಕ್ಷಕರ ಹುದ್ದೆ ಪ್ರತಿ ಬಜೆಟ್ಟಿನಲ್ಲೂ ಮಂಜೂರಾಗಿದೆ, ಪ್ರತಿ ವರ್ಷವೂ ಖಾಲಿ ಉಳಿದಿದೆ. ಆ ಸಂಬಳವನ್ನು ಉಳಿತಾಯವೆಂದು ತೋರಿಸಿ ಒಮ್ಮೆ ಕಮಾನು ಕಟ್ಟಿಸಿದಿರಿ, ಒಮ್ಮೆ ಕಾಂಪೌಂಡಿಗೆ ಬಣ್ಣ ಹೊಡೆಸಿದಿರಿ. ಈಗ ಹುದ್ದೆಯನ್ನೇ ರದ್ದು ಮಾಡಲು ನೀವು ಬರೆದ ಕಾರಣ: “ಸದರಿ ಹುದ್ದೆ ಖಾಲಿಯಿರುವ ಬಗ್ಗೆ ಮಕ್ಕಳಿಂದ ಯಾವುದೇ ದೂರು ಸ್ವೀಕೃತವಾಗಿರುವುದಿಲ್ಲ.”

ಓದಿ ಮೈಯೆಲ್ಲ ಉರಿದುಹೋಯಿತು. ಭಾಷೆಯನ್ನೇ ಕೊಡದೆ ಕೂರಿಸಿದ ಮಕ್ಕಳು ಯಾವ ಬಾಯಿಂದ, ಯಾವ ಕೈಯಿಂದ ದೂರು ಕೊಡಬೇಕಿತ್ತು ಸ್ವಾಮಿ? ನಿಮಗೆ ನಾಚಿಕೆಯಾಗಲಿಲ್ಲವೇ?

ಆ ಶಾಲೆಯಲ್ಲಿ ಹುಲಿಗೆಮ್ಮ ಎಂಬ ಒಂಬತ್ತು ವರ್ಷದ ಹುಡುಗಿ ಇದ್ದಾಳೆ. ನಾನು ಅವಳ ತಮ್ಮನ ಮರಿಮೊಮ್ಮಗಳ ಮಗಳು. ಮುಂದೆ ಒಟ್ಟು ಎಂಟು ವರ್ಷ ಅಲ್ಲಿದ್ದು ಅವಳು ಗೋಡೆ ನೋಡುವುದನ್ನಷ್ಟೇ ಕಲಿತು ಬಂದಳು. ಚಿಕ್ಕಂದಿನಿಂದಲೇ ತಾನಾಗಿ ಏಳು ಸನ್ನೆ ಕಟ್ಟಿಕೊಂಡಿದ್ದಳು, ಮನೆಗೂ ಅವನ್ನೇ ತಂದಳು. ಅಂಗೈ ತಟ್ಟಿದರೆ ರೊಟ್ಟಿ, ಮೂಗಿನ ಪಕ್ಕ ಮುಟ್ಟಿದರೆ ನತ್ತು ಹಾಕುವ ಅವ್ವ. ಹಾಗೆಯೇ ನೀರು, ನೋವು, ಹೆದರಿಕೆ, ಸಾಕು. ಏಳನೆಯದು, ಮುಷ್ಟಿಯನ್ನು ಎಡ ಭುಜದ ಮೇಲಿಟ್ಟು ನಿಧಾನವಾಗಿ ಬಿಡಿಸುವುದು. ಬದುಕಿದ್ದ ತನಕ, ಮನೆಗೆ ಬಂದವರೆಲ್ಲರ ಮುಂದೆ ಅದನ್ನು ಮಾಡಿ ಅವರ ಮುಖವನ್ನೇ ನೋಡುತ್ತ ನಿಲ್ಲುತ್ತಿದ್ದಳಂತೆ. ಒಬ್ಬರಿಗೂ ತಿಳಿಯಲಿಲ್ಲ. ನಮ್ಮ ಮಕ್ಕಳಿಗೆ ಇವತ್ತಿಗೂ ಏಳನ್ನೂ ಕಲಿಸುತ್ತೇವೆ. ಏಳನೆಯದರ ಅರ್ಥ ಕೇಳಿದರೆ ಸನ್ನೆಯನ್ನೇ ಮತ್ತೊಮ್ಮೆ ಮಾಡಿ ತೋರಿಸುತ್ತೇವೆ.

ನನ್ನ ಹತ್ತಿರವಿರುವ ಹಾಳೆಯಲ್ಲಿ ನಿಮ್ಮ ಸಹಿ ಬಿದ್ದಿದೆ. ನಿಮ್ಮ ಮುಂದಿರುವುದರಲ್ಲಿ ಇನ್ನೂ ಬಿದ್ದಿಲ್ಲ. ಹಾಕಬೇಡಿ. ಶಿಕ್ಷಕರನ್ನು ಕಳಿಸಿ. ಆಗ ಈ ಏಳು ಸನ್ನೆ ನಮ್ಮ ತನಕ ಬರುವುದೇ ಇಲ್ಲ. ಬರದಿದ್ದರೆ ಬೇಡ. ಇಷ್ಟಾಗಿಯೂ ಸಹಿ ಹಾಕಿಯೇ ಹಾಕುತ್ತೀರಾದರೆ, ಮೊದಲು ಆ ಶಾಲೆಗೆ ಹೋಗಿ, ಹುಲಿಗೆಮ್ಮನ ಎದುರು ನಿಂತು ಓದಿ. ಅವಳಿಗೆ ಕೇಳಿಸುವುದಿಲ್ಲ. ನಿಮ್ಮ ಮುಖವನ್ನೇ ನೋಡುತ್ತಾಳೆ. ಆಮೇಲೆ ಮುಷ್ಟಿಯನ್ನು ಎಡ ಭುಜದ ಮೇಲಿಟ್ಟು, ನಿಧಾನವಾಗಿ ಬಿಡಿಸಿ, ನಿಮ್ಮ ಉತ್ತರಕ್ಕೆ ಕಾಯುತ್ತಾಳೆ.