ಮೈಗಳ್ಳಿ

ಏಪ್ರಿಲ್ 15, ಸೋಮವಾರ
ಮತ್ತೆ ತಡ. ಎದ್ದಾಗ ಅಂಗಳದ ತುಂಬ ಬಿಸಿಲು. ಒಳಗೆ ರೊಟ್ಟಿ ಬಡಿಯುವ ಸಪ್ಪಳ — ಅತ್ತೆಯೇ ಬಡಿಯುತ್ತಿದ್ದರು. ಹೋಗಿ ಪಕ್ಕದಲ್ಲಿ ಕೂತೆ. "ಇರ್ಲಿ ಬಿಡವಾ, ನೀ ದಣದಿರ್ತಿ" ಅಂದರು. ನನ್ನ ಕಡೆ ನೋಡಲಿಲ್ಲ.
ತಾವರಗೇರಾದ ಈ ಸೆಕೆಗೆ ಇಡೀ ಓಣಿ ಬೆವರುತ್ತಿದೆ. ನಾನು ಸ್ವೆಟರ್ ಹಾಕಿಕೊಂಡಿದ್ದೇನೆ. ಕಟ್ಟೆಯ ಮೇಲಿನವರಿಗೆ ನಗು. ವಿರೂಪಾಕ್ಷಮ್ಮನ ಸೊಸೆ ಮಲ್ಲೇಶ್ವರಿ ಮೈಗಳ್ಳಿ — ಊರಿಗೇ ಗೊತ್ತಿರುವ ಮಾತು.
ಮಗಳು ಶಾಂಭವಿ ಹುಟ್ಟಿದಾಗಿನಿಂದ ಹೀಗೆ. ಅವಳಿಗೀಗ ಏಳು ವರ್ಷ. ಸಾಕು. ಕೈ ಸೋತಿತು.

ಏಪ್ರಿಲ್ 22
ಇವತ್ತೂ ಮಲಗಿದೆ.

ಮೇ 3
ಇವರು ಗೊಬ್ಬರದ ಅಂಗಡಿ ಮುಚ್ಚಿ ಊಟಕ್ಕೆ ಬಂದಿದ್ದರು. ನಾನು ಮಲಗಿದ್ದೇನೆಂದುಕೊಂಡು ಪಡಸಾಲೆಯಲ್ಲಿ ಅತ್ತೆ ಮಾತು ತೆಗೆದರು.
"ಹಾಲೇಶ, ಆಕೀನ ಒಂದೀಟು ದಿನ ತವರಮನಿಗೆ ಕಳಿಸು. ನನಗೂ ವಯಸ್ಸಾತಪ್ಪ."
"ಟಾನಿಕ್ ಕೊಡಿಸೀನಲ್ಲವಾ. ನೋಡೂಣ."
ಅಷ್ಟೇ ಅಂದರು. ಅತ್ತೆ ಕೆಟ್ಟವರಲ್ಲ. ನನ್ನ ಪಾಲಿನದೂ ಅವರೇ ದುಡಿದಿದ್ದಾರೆ. ಕೇಳಿ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಅಳುವೂ ಬರಲಿಲ್ಲ. ಹೊದಿಕೆ ಎಳೆದುಕೊಂಡೆ...

ಮೇ 27, ಗಂಗಾವತಿ. ಆಸ್ಪತ್ರೆ
ಪೆನ್ನು ಹಿಡಿಯಲು ಆಗುತ್ತಿದೆ. ನಡೆದದ್ದನ್ನು ಇವರು ಹೇಳಿದರು. ಜ್ವರ ಬಂದಿತ್ತಂತೆ, ವಾಂತಿ. ಬಚ್ಚಲಲ್ಲಿ ಬಿದ್ದಿದ್ದೆನಂತೆ. ಎಷ್ಟು ಕೂಗಿದರೂ ಕಣ್ಣು ತೆರೆಯಲಿಲ್ಲವಂತೆ. ಕಾರು ಮಾಡಿಕೊಂಡು ಇಲ್ಲಿಗೆ ತಂದರು. ರಕ್ತದಲ್ಲಿ ಉಪ್ಪು ಇಳಿದು, ಸಕ್ಕರೆ ಇಳಿದು, ಬಿಪಿ ಇಳಿದು...
ಡಾಕ್ಟರ್ ರಜಿಯಾಬೇಗಂ ನನ್ನ ವಾರಿಗೆಯವರೇ. ಮಂಚದ ಅಂಚಿಗೆ ಕೂತು ಕೇಳಿದರು, "ಹೆರಿಗಿಯೊಳಗ ರಕ್ತ ಭಾಳ ಹೋಗಿತ್ತೇನ್ರಿ?"
ಅತ್ತೆ ಹೇಳಿದರು. "ಭಾಳ ಅಂದ್ರ ಭಾಳರಿ. ದವಾಖಾನಿ ಮುಟ್ಟೂದ್ರೊಳಗ ಗಾಡ್ಯಾಗ ಹಡದ್ಳು. ನನ್ನ ಸೀರಿ ಪೂರಾ ತೊಯ್ದಿತ್ತರಿ. ಉಳೀತಾಳಂತ ಅಂದ್ಕೊಂಡಿದ್ದಿಲ್ಲ."
"ಆಮ್ಯಾಲ ಎದಿಹಾಲು ಬಂತೇನು?"
"ಒಂದು ಹನಿ ಬರ್ಲಿಲ್ಲರಿ. ಡಬ್ಬಿ ಹಾಲಿನ ಮ್ಯಾಲ ಬೆಳದೈತಿ ಕೂಸು."
"ಮುಟ್ಟು?"
"ಅವತ್ತಿಂದ ಇಲ್ಲರಿ" ಅಂದೆ ನಾನು. ವೀಕ್‌ನೆಸ್ ಅಂದಿದ್ದರು ಎಲ್ಲರೂ. ನಾವೂ ನಂಬಿದ್ದೆವು.
ಸ್ಕ್ಯಾನ್ ಆಯಿತು, ಹಾರ್ಮೋನ್ ಟೆಸ್ಟ್‌ಗಳಾದವು. ಮೆದುಳಿನ ತಳದಲ್ಲಿ ಕಡಲೆಕಾಳಿನಷ್ಟು ಒಂದು ಗ್ರಂಥಿ ಇದೆಯಂತೆ. ಹಾಲು, ಮುಟ್ಟು, ಥೈರಾಯ್ಡ್, ಮೈಯ ಕಸುವು — ಎಲ್ಲಕ್ಕೂ ಅಲ್ಲಿಂದಲೇ ಹುಕುಂ ಹೊರಡಬೇಕು. ಹೆರಿಗೆಯ ದಿನ ರಕ್ತ ಸಾಲದೆ ಅದು ಒಣಗಿಹೋಗಿದೆ.
"ಇದು ಮೈಗಳ್ಳತನ ಅಲ್ಲರಿ" ಅಂದರು ಡಾಕ್ಟರು. "ಇಷ್ಟು ವರ್ಷ ಇವರು ಎದ್ದು ಅಡ್ಡಾಡಿದ್ದ ದೊಡ್ಡದು."
ಅತ್ತೆ ಸೆರಗು ಬಾಯಿಗೊತ್ತಿಕೊಂಡು ಹೊರಗೆ ಹೋದರು. ನನಗೆ ಅಳು ಬಂತು. ಬಹಳ ದಿನದ ಮೇಲೆ.

ಜೂನ್ 2
ಮನೆ. ಸ್ಟಿರಾಯ್ಡ್ ಮಾತ್ರೆ ಶುರುವಾಗಿದೆ. ಅದು ಮೈಗೆ ಹತ್ತಿದ ಮೇಲೆ ಥೈರಾಯ್ಡ್‌ನದು. ಇವು ಜೀವ ಇರುವ ತನಕ. ಬಿಡುವ ಹಾಗೇ ಇಲ್ಲ. ಜ್ವರ ಬಂದರೆ ಡಬಲ್, ವಾಂತಿಯಾದರೆ ಸೀದಾ ಆಸ್ಪತ್ರೆ.
ಹಸಿವು! ಹೀಗಿರುತ್ತದೆಂದು ಮರೆತೇ ಹೋಗಿತ್ತು. ಎರಡು ರೊಟ್ಟಿ, ಪುಂಡಿಪಲ್ಯ, ಮೇಲೆ ಮೊಸರನ್ನ. ಅತ್ತೆ ಕೇಳದೆಯೇ ಹಾಕುತ್ತಾ ಹೋದರು. ನಾನು ಉಣ್ಣುತ್ತಾ ಹೋದೆ.

ಜುಲೈ 11
ಬೆವರಿದೆ ಇವತ್ತು! ನೀರು ಹೊತ್ತು ತಂದು ನಿಂತಾಗ ಬೆನ್ನು ಒದ್ದೆ. ಸುಮ್ಮನೆ ನಗು ಬಂತು.
ಸಂಜೆ ಜಗಳ. ಕುಷ್ಟಗಿಯಿಂದ ಬಂದಿದ್ದ ಅತ್ತೆಯ ತಂಗಿ ಹೇಳಿ ಹೋಗಿದ್ದರು — ಸ್ಟಿರಾಯ್ಡ್ ಅಂದರೆ ವಿಷ, ಎಲುಬು ತಿನ್ನುತ್ತದೆ. ಅತ್ತೆ ಮಾತ್ರೆಯ ಡಬ್ಬಿಯನ್ನೇ ಕಪಾಟಿನಲ್ಲಿಟ್ಟು ಕೀಲಿ ಹಾಕಿದ್ದರು.
"ನಾಕು ದಿನ ಬಿಟ್ಟು ನೋಡೂಣವಾ. ಈಗ ಆರಾಮ ಅದಿಯಲ್ಲ."
"ಆ ಮಾತ್ರಿ ತಗೊಂಡಿದ್ದಕ್ಕ ಆರಾಮ ಅದೀನ್ರಿ! ಮೈ ತಾನ ಮಾಡಬೇಕಾದ್ದನ್ನ ಹೊರಗಿಂದ ಹಾಕಾಕತ್ತೀವಿ. ಅಷ್ಟ ಅದು. ಕೊಡ್ರಿ ಅತ್ತಿ. ಮತ್ತ ಬಚ್ಚಲದಾಗ ಬಿದ್ದಿರ್ಲೇನು ನಾನು?"
ದನಿ ಓಣಿಗೆಲ್ಲ ಕೇಳಿಸಿರಬೇಕು. ಅತ್ತೆ ನನ್ನನ್ನೇ ನೋಡುತ್ತಾ ನಿಂತರು. ಅಷ್ಟರಲ್ಲಿ ಇವರು ಅಂಗಡಿಯಿಂದ ಬಂದರು. ನಗುತ್ತಿದ್ದರು!
"ಲಗ್ನ ಆದ ಹೊಸದಾಗ ಹಿಂಗ ಬೈತಿದ್ಳವಾ ನನಗ. ಮರತೀಯೇನು?"
ಅತ್ತೆ ಕೀಲಿ ತೆಗೆದು ಡಬ್ಬಿಯನ್ನು ನನ್ನ ಕೈಗಿಟ್ಟರು. "ಎರಡು ಸಲ ನನ್ನ ಕಣ್ಣ ಮುಂದ ಸತ್ತು ಬದುಕೀ. ಯಾರು ಏನಂದ್ರೂ ಅಂಜಿಕಿ ಬರ್ತೈತವಾ" ಅಂದರು. ಆಮೇಲೆ ನನಗೆ ಜೋರು ಮಾಡಲು ಮನಸ್ಸಾಗಲಿಲ್ಲ.

ಆಗಸ್ಟ್ 19, ಸೋಮವಾರ
ಗಂಗಾವತಿಗೆ ಹೋಗಿ ಬಂದೆವು. ಇನ್ನೊಂದು ಮಗುವಿನ ವಿಷಯ ನಾನೇ ಕೇಳಿದೆ. ರಜಿಯಾಬೇಗಂ ಸುಳ್ಳು ಸಮಾಧಾನ ಹೇಳಲಿಲ್ಲ.
"ಹಾರ್ಮೋನ್ ಮಾತ್ರಿ ಕೊಟ್ರ ಮುಟ್ಟು ಬರ್ತೈತ್ರಿ. ಎಲುಬಿಗೆ, ಹೃದಯಕ್ಕ ಅದು ಬೇಕು. ಬಸುರು ಅಂದ್ರ ಅದಕ್ಕ ಬ್ಯಾರೆ ಇಂಜೆಕ್ಷನ್ ಅದಾವು, ದೊಡ್ಡ ಊರಿಗೆ ಹೋಗ್ಬೇಕು. ಆಗಬಹುದು, ಆಗಲಿಕ್ಕೂ ಇಲ್ಲ."
ಬಸ್ಸಿನಲ್ಲಿ ಇವರು ಕಿಟಕಿಯ ಸೀಟು ನನಗೆ ಬಿಟ್ಟುಕೊಟ್ಟರು. ಆಮೇಲೆ, "ಶಾಂಭವಿ ಅದಾಳಲ್ಲ, ಸಾಕು" ಅಂದರು. ನನಗೆ ಸಾಕಾ? ಗೊತ್ತಿಲ್ಲ. ಸಂಕಟವಿದೆ. ಸಂಕಟಪಡಲಿಕ್ಕೂ ತ್ರಾಣ ಬೇಕು — ಅದು ಈಗ ಇದೆ.

ಸೆಪ್ಟೆಂಬರ್ 22, ಭಾನುವಾರ
ಶಾಂಭವಿ ಬೆಳಿಗ್ಗೆಯಿಂದ ಮೊಬೈಲ್ ಹಿಡಿದು ಕೂತಿದ್ದಳು. ಕಸಿದುಕೊಂಡು, ಹೋಮ್‌ವರ್ಕ್ ಮಾಡು ಅಂತ ಗದರಿದೆ. ಕಾಲು ಬಡಿದು ಕೂಗಿದಳು, "ನೀ ಮೊದಲಿನಂಗ ಮಲಕೊಂಡಿರು ಹೋಗು! ಆವಾಗ ಛಲೋ ಇದ್ದಿ. ಬೈತಿದ್ದಿಲ್ಲ!"
ಒಳಗೆ ಬಂದು ಕೂತೆ. ಅವಳ ತಾಯಿ ಅಂದರೆ ಮಲಗಿದವಳು. ಪಕ್ಕದಲ್ಲಿ ಒರಗಿದರೆ ಸುಮ್ಮನಿರುವವಳು. ಅವಳ ಲೆಕ್ಕದಲ್ಲಿ ನಾನು ಯಾರೋ ಹೊಸಬಳು.
ಅತ್ತೆಗೆ ಹೇಳಿದೆ. ಅವರು ನಕ್ಕರು. "ರೂಢಿ ಆಗ್ಬೇಕಲ್ಲವಾ. ನನಗ ಇನ್ನೂ ಆಗವಲ್ದು."
ಇದನ್ನು ಬರೆಯುವಾಗಲೇ ಶಾಂಭವಿ ಬಾಗಿಲಲ್ಲಿ ಬಂದು ನಿಂತಿದ್ದಾಳೆ. ಮುಖ ಇನ್ನೂ ದುಮುದುಮು. "ಮಮ್ಮಿ, ಹಸಿವಾಗೇತಿ." ಅಜ್ಜಿ ಪಡಸಾಲೆಯಲ್ಲೇ ಇದ್ದಾರೆ. ಅವರನ್ನು ದಾಟಿ ಬಂದಿದ್ದಾಳೆ. ಏನು ಬೇಕವಾ ಅಂದೆ. "ಒಗ್ಗರಣಿ. ನೀನ ಮಾಡ್ಬೇಕು."
ಮಂಡಕ್ಕಿ ನೆನೆಸಬೇಕು, ಉಳ್ಳಾಗಡ್ಡಿ ಹೆಚ್ಚಬೇಕು. ಎದ್ದೆ.